ಅಣ್ಣನ ಚೀಟಿ, ತಂಗಿಯ ಅಂಗಡಿ

ನಮ್ಮ ಕನಕಪುರದ ಸೀಮೆಯಲ್ಲಿ ಪಾಲಿಗೆ ಮಾಡದ ಕೆಲಸವೇ ಇಲ್ಲವೆನ್ನಬೇಕು. ಒಬ್ಬನ ಹಿಪ್ಪುನೇರಳೆ ತೋಟ, ಇನ್ನೊಬ್ಬನ ಹುಳುಮನೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ ದುಡ್ಡು ಕೈಗೆ ಬಂದ ಮೇಲೆ ಇಬ್ಬರೂ ಜಗಲಿಯ ಮೇಲೆ ಕೂತು ಹಂಚಿಕೊಳ್ಳುತ್ತಾರೆ. ಕುರಿ ಪಾಲಿಗೆ, ಹಸು ಪಾಲಿಗೆ, ಹೊಲ ವಾರಕ್ಕೆ. ಪಾಲುದಾರ ಏನು ಓದಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಕೊಟ್ಟ ಮಾತಿಗೆ ನಿಲ್ಲುತ್ತಾನೆಯೇ ಎಂಬುದಷ್ಟೇ ಪ್ರಶ್ನೆ.

ಮೂವತ್ತೈದು ವರ್ಷ ಪತ್ರ ಬರೆದು ಬದುಕಿದವನು ನಾನು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ನಡುನಡುವೆ ಪಾಲುದಾರಿಕೆ ಪತ್ರ. ಅಕ್ಕಿ ಗಿರಣಿಗೆ, ಇಟ್ಟಿಗೆ ಗೂಡಿಗೆ, ನೂಲು ಬಿಚ್ಚುವ ಘಟಕಕ್ಕೆ ಎಷ್ಟೋ ಪತ್ರ ಬರೆದುಕೊಟ್ಟಿದ್ದೇನೆ. ಮೊದಲನೆಯ ಪಾರ್ಟಿ, ಎರಡನೆಯ ಪಾರ್ಟಿ, ಬಂಡವಾಳ ಇಷ್ಟು, ಲಾಭನಷ್ಟ ಇಷ್ಟಿಷ್ಟು ಭಾಗ. ಆದರೆ ಒಂದು ಪತ್ರವನ್ನು ಮಾತ್ರ ನಾನು ಕೇಳಿದ ಹಾಗೆ ಬರೆದುಕೊಡಲಿಲ್ಲ. ಅದು ನನ್ನ ಹೆಂಡತಿಯ ತಮ್ಮನದೇ ಪತ್ರವಾಗಿತ್ತು. ಮಕ್ಕಳನ್ನು ವೈದ್ಯಕೀಯಕ್ಕೋ ಫಾರ್ಮಸಿಗೋ ಸೇರಿಸಿರುವ, ಸೇರಿಸಬೇಕೆಂದಿರುವ ತಂದೆತಾಯಿಗಳಿಗೆ ಉಪಯೋಗವಾದೀತೆಂದು ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಾರೋಹಳ್ಳಿಯನ್ನು ಇಪ್ಪತ್ತೈದು ವರ್ಷದ ಹಿಂದೆ ನೋಡಿದವರಿಗೆ ಇಂದು ಗುರುತು ಸಿಗುವುದು ಕಷ್ಟ. ಕನಕಪುರ ತಾಲ್ಲೂಕಿನ ಹೋಬಳಿಯಾಗಿದ್ದ ಊರು ಈಗ ತಾನೇ ತಾಲ್ಲೂಕು. ಕೈಗಾರಿಕಾ ಪ್ರದೇಶ ಬಂತು, ಹೆದ್ದಾರಿ ಅಗಲವಾಯಿತು, ದೇವರಕಗ್ಗಲಹಳ್ಳಿಯ ಬಳಿ ಮೆಡಿಕಲ್ ಕಾಲೇಜೇ ಬಂತು. ಪಾಳಿ ಮುಗಿಸಿ ಬರುವ ಕಾರ್ಮಿಕರು, ಬಾಡಿಗೆ ಮನೆಯ ಸಂಸಾರಗಳು, ಬೆನ್ನುನೋವು, ಸಕ್ಕರೆ ಕಾಯಿಲೆ. ಎಲ್ಲಕ್ಕೂ ಬೆಂಗಳೂರಿಗೆ ಹೋಗಲಾದೀತೆ? ಮುಖ್ಯರಸ್ತೆಯಲ್ಲಿ ನಿವೇಶನವಿದ್ದವರಿಗೆಲ್ಲ ಒಂದು ಕ್ಲಿನಿಕ್ಕಿನ ಕನಸು ಬೀಳತೊಡಗಿದ್ದರಲ್ಲಿ ಆಶ್ಚರ್ಯವಿಲ್ಲ.

ನನ್ನ ಭಾವಮೈದುನನಿಗೆ ಆ ಕನಸು ಬೀಳಲು ಕಾರಣವೂ ಇತ್ತು. ಮಗ ಎಂ.ಬಿ.ಬಿ.ಎಸ್. ಮುಗಿಸಿದ್ದ. ಮಗಳು ಬಿ.ಫಾರ್ಮ. ಓದಿ ಫಾರ್ಮಸಿ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿಕೊಂಡಿದ್ದಳು. ಮಗನ ಜೊತೆಗೆ ಪಿ.ಯು.ಸಿ. ಓದಿದ ಇಬ್ಬರು ಗೆಳೆಯರಲ್ಲಿ ಒಬ್ಬ ಫಿಸಿಯೋಥೆರಪಿ, ಇನ್ನೊಬ್ಬ ಆಯುರ್ವೇದದ ಬಿ.ಎ.ಎಂ.ಎಸ್. ನಾಲ್ವರೂ ಸೇರಿ ಒಂದೇ ಸೂರಿನಡಿ ಚಿಕಿತ್ಸಾಲಯ ತೆರೆಯುವುದೆಂದು ಗೊತ್ತಾಯಿತು. ಭಾವಮೈದುನ ತೋಟದ ಮೇಲೆ ಸಾಲ ಎತ್ತಿ ಕಟ್ಟಡ ಏಳಿಸಿದ. ಒಂದು ಭಾನುವಾರ ಬೆಳಿಗ್ಗೆ ನಾಲ್ವರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ.

“ಭಾವ, ಒಂದು ಪತ್ರ ಬರ್‍ಕೊಡಿ. ಐದು ಪಾಲು. ಹುಡುಗ್ರು ಮೂರು ಜನಕ್ಕೆ ಒಂದೊಂದು, ಕಟ್ಟಡ ನಂದು ಅಂತ ನಂಗೊಂದು, ಮೆಡಿಕಲ್ ಸ್ಟೋರ್‍ಗೆ ಒಂದು.”

“ಮೆಡಿಕಲ್ ಸ್ಟೋರ್ ಯಾರ ಹೆಸರಲ್ಲಿ?” ಎಂದೆ.

“ಮಗನ ಹೆಸರಲ್ಲೇ ಇರ್‍ಲಿ. ಇವಳ ಸರ್ಟಿಫಿಕೇಟು ಗೋಡೆಗೆ ಹಾಕಿದ್ರೆ ಸಾಕಂತಲ್ಲ. ಇವತ್ತೋ ನಾಳೆಯೋ ಇವಳು ಗಂಡನ ಮನೆಗೆ ಹೋಗೋಳು. ಅಣ್ಣ ಚೀಟಿ ಬರೀತಾನೆ, ಅಂಗಡೀಲಿ ಔಷಧಿ ಕೊಡ್ತಾರೆ, ದುಡ್ಡು ಮನೇಲೇ ಉಳೀತದೆ.”

ಹುಡುಗಿ ಏನೂ ಹೇಳಲಿಲ್ಲ. ನನ್ನ ಹೆಂಡತಿ ಕೊಟ್ಟ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

ಒಂದು ವಾರ ಸಮಯ ಕೊಡಿ ಎಂದು ಅವರನ್ನು ಕಳಿಸಿದೆ. ಪರಿಚಯದ ವಕೀಲರೊಬ್ಬರ ಬಳಿ ಕೂತು ಪುಸ್ತಕಗಳನ್ನು ತಿರುವಿ ಹಾಕಿದೆ. ಗಿರಣಿಯ ಪಾಲು ಬೇರೆ, ಆಸ್ಪತ್ರೆಯ ಪಾಲು ಬೇರೆ ಎಂಬುದು ಪುಟಪುಟಕ್ಕೂ ಸ್ಪಷ್ಟವಾಗುತ್ತಾ ಹೋಯಿತು.

ಪಾಲುದಾರಿಕೆಗೆ ನಮ್ಮಲ್ಲಿರುವ ಮೂಲ ಕಾನೂನು 1932ರದು. ಲಾಭ ಹಂಚಿಕೊಳ್ಳಲು ಒಪ್ಪಿ ಕೂಡಿ ವ್ಯವಹಾರ ಮಾಡುವವರೇ ಪಾಲುದಾರರು. ಇಂಥವರು ಇಂಥವರೊಡನೆ ಸೇರಬಾರದೆಂದು ಅದು ಹೇಳುವುದಿಲ್ಲ. ಆದರೆ ಅದರ 25ನೆಯ ಕಲಮು ಗಟ್ಟಿಯಾದದ್ದು. ವ್ಯವಹಾರದಲ್ಲಿ ಒಬ್ಬ ಪಾಲುದಾರ ಮಾಡಿದ್ದಕ್ಕೆ ಎಲ್ಲರೂ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಹೊಣೆ. ಅಂಗಡಿಯಲ್ಲಿ ಅವಧಿ ಮೀರಿದ ಔಷಧಿ ಮಾರಿದರೆ ವೈದ್ಯನ ಮನೆಗೂ ನೋಟೀಸು. ವೈದ್ಯನ ಕೈ ತಪ್ಪಿದರೆ ಫಿಸಿಯೋಥೆರಪಿಯ ಹುಡುಗನ ಆಸ್ತಿಗೂ ಕುತ್ತು. 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆ ಬಂದ ಮೇಲೆ, ಆ ಬಗೆಯ ಸಂಸ್ಥೆ ಕಟ್ಟಿಕೊಂಡರೆ ಒಬ್ಬನ ತಪ್ಪಿಗೆ ಇನ್ನೊಬ್ಬನ ಮನೆಮಠ ಹೋಗದಂತೆ ರಕ್ಷಣೆಯಿದೆ. ತಪ್ಪು ಮಾಡಿದವನಿಗೆ ಅದರಿಂದ ರಕ್ಷಣೆಯಿಲ್ಲ. ರೋಗಿಗಳು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಮಾನಿಸಿರುವುದರಿಂದ ಇದು ಬರೀ ಪುಸ್ತಕದ ಮಾತಲ್ಲ.

ಇನ್ನು ವೃತ್ತಿಯ ಕಟ್ಟುಪಾಡು. ವಕೀಲರ ವಿಷಯದಲ್ಲಿ ಬಾರ್ ಕೌನ್ಸಿಲಿನ ನಿಯಮ ಖಡಾಖಂಡಿತ: ವಕೀಲರಲ್ಲದವರೊಡನೆ ವಕೀಲ ಪಾಲುದಾರಿಕೆ ಮಾಡುವಂತಿಲ್ಲ, ಸಂಭಾವನೆ ಹಂಚಿಕೊಳ್ಳುವಂತಿಲ್ಲ. ವೈದ್ಯರ ನಿಯಮ ಬೇರೆ ದಾರಿ ಹಿಡಿದಿದೆ. ಯಾರ ಜೊತೆ ಸೇರಬೇಕು ಎನ್ನುವುದಕ್ಕಿಂತ, ಸೇರಿ ಏನು ಮಾಡಬಾರದು ಎಂಬುದನ್ನೇ ಅದು ಹೆಚ್ಚು ಹೇಳುತ್ತದೆ. ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಹೊರಡಿಸಿದ ನಡತೆಯ ನಿಯಮಗಳಿವು. ಮಂಡಳಿ ಹೋಗಿ 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಆಯೋಗ 2023ರ ಆಗಸ್ಟಿನಲ್ಲಿ ಹೊಸ ನಿಯಮ ಪ್ರಕಟಿಸಿ, ಅದೇ ತಿಂಗಳಲ್ಲಿ ತಡೆಹಿಡಿಯಿತು. ಹೀಗಾಗಿ 2002ರ ಹಳೆಯ ನಿಯಮಗಳೇ ಊರುಗೋಲು.

ಆ ನಿಯಮಗಳಲ್ಲಿ ನಮ್ಮ ಪತ್ರಕ್ಕೆ ಅಡ್ಡ ಬಂದವು ನಾಲ್ಕು.

ಒಂದು, ಬೇರೆ ವೈದ್ಯರು ಬರೆದ ಚೀಟಿಗೂ ಔಷಧಿ ಕೊಡುವ ತೆರೆದ ಅಂಗಡಿಯನ್ನು ವೈದ್ಯ ನಡೆಸಬಾರದು. ತನ್ನ ರೋಗಿಗೆ ತಾನೇ ಔಷಧಿ ಕೊಡುವುದು ತಪ್ಪಲ್ಲ, ಶೋಷಣೆ ಇರಬಾರದು ಅಷ್ಟೆ. ಎರಡು, ರೋಗಿಯನ್ನು ಕಳಿಸಿಕೊಟ್ಟದ್ದಕ್ಕೆ, ರಕ್ತಮೂತ್ರದ ಪರೀಕ್ಷೆಗೆ ಬರೆದುಕೊಟ್ಟದ್ದಕ್ಕೆ ವೈದ್ಯ ಕಮಿಷನ್ನು ಕೊಡಲೂಬಾರದು, ತೆಗೆದುಕೊಳ್ಳಲೂಬಾರದು. ಮೂರು, ನೋಂದಣಿಯಿಲ್ಲದ ಸಹಾಯಕರ ಕೈಗೆ ಕೌಶಲ ಬೇಕಾದ ಚಿಕಿತ್ಸೆಯನ್ನು ವೈದ್ಯ ಒಪ್ಪಿಸಬಾರದು. ನಾಲ್ಕನೆಯದು ಓದಿದಾಗ ನನಗೆ ನಗುವೇ ಬಂತು. ವೈದ್ಯನ ನಾಮಫಲಕ ಅತಿ ದೊಡ್ಡದಾಗಿರಬಾರದು. ಔಷಧದಂಗಡಿಯ ಮೇಲಂತೂ ಅದನ್ನು ತೂಗುಹಾಕಬಾರದು. ಭಾವಮೈದುನ ಅಷ್ಟರಲ್ಲಾಗಲೇ ಅಂಗಡಿಯ ಮುಂಭಾಗವನ್ನೆಲ್ಲ ಮುಚ್ಚುವಷ್ಟು ಅಗಲದ ಬೋರ್ಡಿಗೆ ಮುಂಗಡ ಕೊಟ್ಟು ಬಂದಿದ್ದ. ನಡುವೆ ಮಗನ ಹೆಸರು, ಬೆಳಗುವ ಅಕ್ಷರಗಳಲ್ಲಿ.

ವೈದ್ಯನನ್ನೂ ಔಷಧಿ ಮಾರುವವನನ್ನೂ ಕಾನೂನು ಹೀಗೆ ದೂರದೂರ ಕೂರಿಸುವುದು ಇಂದು ನಿನ್ನೆಯದಲ್ಲ. ಸಿಸಿಲಿಯನ್ನು ಆಳಿದ ಎರಡನೆಯ ಫ್ರೆಡರಿಕ್ ಎಂಬ ದೊರೆ 13ನೆಯ ಶತಮಾನದಲ್ಲೇ, ವೈದ್ಯರು ಔಷಧಿ ತಯಾರಿಸುವವರೊಡನೆ ವ್ಯಾಪಾರ ಕೂಡಬಾರದು, ತಾವೇ ಔಷಧದಂಗಡಿ ಇಡಬಾರದು ಎಂದು ಕಟ್ಟಳೆ ಮಾಡಿದ್ದನಂತೆ. ಜರ್ಮನಿಯಲ್ಲಿ ಔಷಧದಂಗಡಿಯ ಒಡೆತನ ಫಾರ್ಮಸಿಸ್ಟರದೇ ಆಗಿರಬೇಕು. ಒಬ್ಬರಿಗೆ ಒಂದು ಮುಖ್ಯ ಅಂಗಡಿ, ಮೂರು ಶಾಖೆಗಳಷ್ಟೇ. ಐರೋಪ್ಯ ನ್ಯಾಯಾಲಯ 2009ರಲ್ಲಿ ಅದನ್ನು ಎತ್ತಿಹಿಡಿಯಿತು. ಅಮೆರಿಕದ ಕ್ಯಾಲಿಫೋರ್ನಿಯದವರಂತೂ ಲೆಕ್ಕವನ್ನೇ ಕಟ್ಟಿದ್ದಾರೆ. ಅಲ್ಲಿಯ 1968ರ ಕಾನೂನಿನ ಚೌಕಟ್ಟಿನಲ್ಲಿ ವೈದ್ಯರು ಕಟ್ಟಿಕೊಳ್ಳುವ ವೃತ್ತಿಸಂಸ್ಥೆಗೆ ನರ್ಸುಗಳು, ಮನಶ್ಶಾಸ್ತ್ರಜ್ಞರು, ಫಿಸಿಯೋಥೆರಪಿಸ್ಟರು ಮೊದಲಾದವರು ಸೇರಬಹುದು. ಆದರೆ ಅವರೆಲ್ಲರ ಷೇರು ಕೂಡಿಸಿದರೂ ಶೇಕಡ 49 ದಾಟುವಂತಿಲ್ಲ. ಕಾರಣ ಎಲ್ಲ ಕಡೆಯೂ ಒಂದೇ. ಚೀಟಿ ಬರೆಯುವ ಕೈಗೆ ಗಲ್ಲಾಪೆಟ್ಟಿಗೆಯ ನೆನಪು ಬರಬಾರದು.

ಇಷ್ಟೆಲ್ಲ ಓದಿದ ಮೇಲೆ ಒಂದು ಅನುಮಾನ ಉಳಿಯಿತು. ಬೇರೆ ಕಡೆ ಆಸ್ಪತ್ರೆಗಳ ಒಳಗೇ ಔಷಧದಂಗಡಿ ಇಲ್ಲವೇ? ಇದೆ. ನಮ್ಮ ದೇಶದಲ್ಲಿ ಕಂಪೆನಿ ಆಸ್ಪತ್ರೆ ನಡೆಸಬಹುದು. 1983ರಲ್ಲಿ ಮದ್ರಾಸಿನಲ್ಲಿ ಅಪೋಲೊ ಶುರುವಾದಾಗಿನಿಂದ ಅದು ಬೆಳೆದುಕೊಂಡೇ ಬಂದಿದೆ. ಕಂಪೆನಿಯ ಷೇರು ಕೊಳ್ಳುವವನು ವೈದ್ಯನಾಗಿರಬೇಕಿಲ್ಲ. 2002ರ ನಿಯಮ ಕಟ್ಟಿಹಾಕುವುದು ನೋಂದಾಯಿತ ವೈದ್ಯನನ್ನು. ಕಂಪೆನಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿಯೇ ಇಲ್ಲವಲ್ಲ. ಹಾರೋಹಳ್ಳಿಯ ಹುಡುಗನಿಗೆ ಬಿಗಿ, ದೊಡ್ಡ ಬಂಡವಾಳಕ್ಕೆ ಸಡಿಲ. ಇದು ನ್ಯಾಯವೇ ಎಂದು ಭಾವಮೈದುನ ಕೇಳಿದಾಗ ನ್ಯಾಯವೆಂದು ನಾನು ಹೇಳಲಿಲ್ಲ. ದೊಡ್ಡವರಿಗೆ ಬಾಗಿಲು ತೆರೆದಿದೆ ಎಂದು ನಾವು ಗೋಡೆ ಹಾರಿದರೆ ಕಾಲು ಮುರಿಯುವುದು ನಮ್ಮದೇ ಎಂದೆ. ಹಾಗೆ ನೋಡಿದರೆ ದೊಡ್ಡವರೂ ಪೂರ್ತಿ ಪಾರಾಗಿಲ್ಲ. ಔಷಧಿ ಕಂಪೆನಿಗಳು ವೈದ್ಯರಿಗೆ ಕೊಡುವ ಉಡುಗೊರೆಯನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸಿಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟು 2022ರ ಫೆಬ್ರುವರಿಯಲ್ಲಿ ಹೇಳಿದೆ.

ಮುಂದಿನ ಭಾನುವಾರ ಎಲ್ಲರೂ ಮತ್ತೆ ಸೇರಿದರು. ಅತ್ಯಂತ ಕಷ್ಟದ ಮಾತನ್ನು ಆಯುರ್ವೇದದ ಹುಡುಗನಿಗೇ ಹೇಳಬೇಕಾಗಿತ್ತು. ರಾತ್ರಿ ಪಾಳಿ ಅವನದು. ಜ್ವರ ಬಂದವರಿಗೆ ಇಂಜೆಕ್ಷನ್ನು, ಡ್ರಿಪ್ಪು ಅವನೇ ಕೊಡುವುದೆಂದು ಗೆಳೆಯರು ಮಾತಾಡಿಕೊಂಡಿದ್ದರು. ನಾನು 1996ರ ಒಂದು ತೀರ್ಪಿನ ಕಥೆ ಹೇಳಿದೆ. ಮುಂಬಯಿಯಲ್ಲಿ ಹೋಮಿಯೋಪತಿ ಓದಿದ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪತಿ ಔಷಧಿ ಕೊಟ್ಟು, ರೋಗಿ ತೀರಿಕೊಂಡು, ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವವನು ಆ ಪದ್ಧತಿಯ ಮಟ್ಟಿಗೆ ನಕಲಿ ವೈದ್ಯನೇ ಎಂದು ನ್ಯಾಯಾಲಯ ಹೇಳಿ, ರೋಗಿಯ ಹೆಂಡತಿಗೆ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 1998ರಲ್ಲಿ ಇನ್ನೊಂದು ತೀರ್ಪು ಬಂದು, ಆಯುರ್ವೇದದವರು ಅಲೋಪತಿ ಔಷಧಿ ಬರೆಯಬಹುದಾದದ್ದು ಆಯಾ ರಾಜ್ಯದ ಕಾನೂನು ಒಪ್ಪಿದ ಮಟ್ಟಿಗೆ ಮಾತ್ರ ಎಂದು ಸ್ಪಷ್ಟವಾಯಿತು.

“ಅಂದ್ರೆ ನಾನು ಐದೂವರೆ ವರ್ಷ ಓದಿದ್ದು ವೈದ್ಯಕೀಯ ಅಲ್ವಾ ಸಾರ್?” ಎಂದ ಹುಡುಗ.

“ವೈದ್ಯಕೀಯವೇ ಕಣಪ್ಪ. ಅದನ್ನೇ ಮಾಡು. ನಿನ್ನ ಕೋಣೆ, ನಿನ್ನ ಬೋರ್ಡು, ನಿನ್ನ ಪದ್ಧತಿ. ಇನ್ನೊಬ್ಬರ ಪದ್ಧತಿಯನ್ನು ರಾತ್ರಿ ಹೊತ್ತು ಕಡ ತಗೋಬೇಡ ಅಂತಿದೀನಿ.”

“ರಾತ್ರಿ ಎರಡು ಗಂಟೆಗೆ ಮಗು ಎತ್ಕೊಂಡು ಬಂದವರಿಗೆ ಏನು ಹೇಳ್ಲಿ? ನನ್ನ ಪದ್ಧತಿಗೆ ಬೆಳಿಗ್ಗೆ ಬನ್ನಿ ಅನ್ಲಾ?”

ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಂಬುಲೆನ್ಸು ಕರೆಸು, ಪ್ರಥಮ ಚಿಕಿತ್ಸೆ ಮಾಡು, ದೊಡ್ಡಾಸ್ಪತ್ರೆಗೆ ಕಳಿಸು ಎಂದು ಹೇಳುವುದು ನನಗೆ ಸುಲಭ. ಹಳ್ಳಿಯ ರಾತ್ರಿಯಲ್ಲಿ ಬಾಗಿಲು ತೆರೆದವನೇ ದೇವರು ಎಂಬುದೂ ಗೊತ್ತಿರುವ ಮಾತೇ. ಹುಡುಗ ಕಾಫಿ ಕುಡಿಯದೆ ಎದ್ದು ಹೋದ. ಆಮೇಲೆ ಬೇರೆ ಊರಿನಲ್ಲಿ ಸ್ವಂತ ಚಿಕಿತ್ಸಾಲಯ ಇಟ್ಟುಕೊಂಡ. ಚೆನ್ನಾಗಿಯೇ ನಡೆಯುತ್ತಿದೆ ಎನ್ನುತ್ತಾರೆ. ಗೆಳೆಯರ ನಡುವೆ ಮೊದಲಿನ ಸಲಿಗೆ ಉಳಿದಿಲ್ಲ. ಓದು ಆರಿಸಿಕೊಳ್ಳುವ ಕಾಲಕ್ಕೇ ಈ ಮಾತನ್ನು ಯಾರಾದರೂ ಅವನಿಗೆ ಹೇಳಿದ್ದರೆ ಆ ಬೆಳಗಿನ ನೋವಾದರೂ ತಪ್ಪುತ್ತಿತ್ತು. ರ್‍ಯಾಂಕು ಕಡಿಮೆ ಬಂತು, ಇದಕ್ಕೆ ಸೇರು, ಆಮೇಲೆ ಎಲ್ಲ ಒಂದೇ ಎಂದು ಹೇಳುವ ಹಿರಿಯರು ಊರಿಗೆ ಹತ್ತು ಜನ ಸಿಗುತ್ತಾರೆ. ಎಲ್ಲ ಒಂದೇ ಅಲ್ಲ.

ಇನ್ನು ಹುಡುಗಿಯ ವಿಷಯ.

ವೈದ್ಯರ ಚೀಟಿಗೆ ಔಷಧಿ ಕೊಡುವ ಕೆಲಸ ನೋಂದಾಯಿತ ಫಾರ್ಮಸಿಸ್ಟರದು ಎಂದು 1948ರ ಫಾರ್ಮಸಿ ಕಾಯ್ದೆಯ 42ನೆಯ ಕಲಮು ಹೇಳುತ್ತದೆ. ಗೋಡೆಗೆ ಸರ್ಟಿಫಿಕೇಟು ತೂಗುಹಾಕಿ ಹುಡುಗಿ ಗಂಡನ ಮನೆಯಲ್ಲಿ ಅಡುಗೆ ಮಾಡುತ್ತಿದ್ದರೆ ಕಾನೂನಿಗೆ ಸಮಾಧಾನವಾಗುವುದಿಲ್ಲ. ಅವಳೇ ಅಂಗಡಿಯಲ್ಲಿರಬೇಕು, ಅಥವಾ ಇನ್ನೊಬ್ಬ ಫಾರ್ಮಸಿಸ್ಟರಿರಬೇಕು. ಅಂಗಡಿಗೆ 1945ರ ಔಷಧ ನಿಯಮಗಳ ಪ್ರಕಾರ ಲೈಸೆನ್ಸು ಬೇಕು. ಚಿಲ್ಲರೆ ಮಾರಾಟಕ್ಕೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು. ಇನ್ನು ಅಣ್ಣನ ಹೆಸರಿನಲ್ಲಿ ಅಂಗಡಿ ಇಟ್ಟರೆ ಅವನೇ ತೆರೆದ ಅಂಗಡಿ ನಡೆಸಿದಂತಾಗುತ್ತದೆ. ಹೊಸದಾಗಿ ನೋಂದಣಿಯಾದ ವೈದ್ಯ ಮೊದಲ ವರ್ಷವೇ ವೈದ್ಯಕೀಯ ಪರಿಷತ್ತಿನ ಮುಂದೆ ಕೈಕಟ್ಟಿ ನಿಲ್ಲಬೇಕೆ?

“ಹಾಗಾದ್ರೆ ಅಂಗಡಿ ಯಾರ ಹೆಸರಿಗೆ ಮಾಡೋದು ಭಾವ?”

“ಯಾರು ಓದಿದ್ದಾರೋ ಅವರ ಹೆಸರಿಗೆ.”

ಮನೆ ಸ್ವಲ್ಪ ಹೊತ್ತು ನಿಶ್ಶಬ್ದವಾಯಿತು. ಹೆಣ್ಣುಮಗಳ ಹೆಸರಿಗೆ ಅಂಗಡಿ ಎಂದರೆ, ಮದುವೆಯಾದ ಮೇಲೆ ಅಂಗಡಿಯೂ ಅವಳೊಂದಿಗೇ ಹೋಗುತ್ತದಲ್ಲ ಎಂಬುದು ಭಾವಮೈದುನನ ಮುಖದಲ್ಲೇ ಬರೆದಿತ್ತು. ತೋಟದ ಮೇಲಿನ ಸಾಲದ ಕಂತು ಯಾರು ಕಟ್ಟಬೇಕು ಎಂದೂ ಅವನು ಲೆಕ್ಕ ಹಾಕುತ್ತಿದ್ದಿರಬೇಕು. ಅದು ಸುಳ್ಳು ಚಿಂತೆಯೇನಲ್ಲ. ಆಗ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು.

“ಮಾವ, ಅಪ್ಪಂಗೆ ನಾನು ಬಾಡಿಗೆ ಕೊಡ್ತೀನಿ. ತಿಂಗಳು ತಿಂಗಳು, ರಸೀದಿ ಸಮೇತ. ಔಷಧಿ ತರೋದಕ್ಕೆ ಬ್ಯಾಂಕಲ್ಲಿ ನನ್ನ ಹೆಸರಲ್ಲೇ ಸಾಲ ತಗೋತೀನಿ. ಅಣ್ಣನ ಹತ್ರ ಒಂದು ರೂಪಾಯೂ ಬೇಡ, ಅವನಿಗೆ ಒಂದು ರೂಪಾಯೂ ಕೊಡೋದಿಲ್ಲ.”

ಅಣ್ಣ ನಕ್ಕುಬಿಟ್ಟ. “ನಂಗೂ ಅದೇ ಬೇಕು. ಇವಳ ಅಂಗಡೀಲೇ ತಗೊಳ್ಳಿ ಅಂತ ನಾನು ಯಾರಿಗೂ ಹೇಳಲ್ಲ” ಎಂದ. ಈಗಿನ ಮಕ್ಕಳಿಗೆ ವ್ಯವಹಾರ ತಿಳಿಯುವುದಿಲ್ಲ ಎನ್ನುವವರು ಅವರಿಬ್ಬರನ್ನು ನೋಡಬೇಕಿತ್ತು.

ಕೊನೆಗೆ ನಾನು ಬರೆದದ್ದು ಒಂದು ಪತ್ರವಲ್ಲ, ನಾಲ್ಕು. ತಂದೆಗೂ ವೈದ್ಯ ಮಗನಿಗೂ ಒಂದು ಬಾಡಿಗೆ ಕರಾರು. ತಂದೆಗೂ ಮಗಳಿಗೂ ಒಂದು. ತಂದೆಗೂ ಫಿಸಿಯೋಥೆರಪಿಯ ಹುಡುಗನಿಗೂ ಒಂದು. ನಾಲ್ಕನೆಯದು ಮೂವರು ಕಿರಿಯರ ನಡುವಿನ ಖರ್ಚಿನ ಒಪ್ಪಂದ. ರೋಗಿಗಳು ಕೂರುವ ಹಜಾರ, ನೀರು, ಜನರೇಟರು, ಕಸ ಗುಡಿಸುವವರ ಸಂಬಳ ಇಷ್ಟಿಷ್ಟು ಪಾಲಿಗೆ. ಅದರಲ್ಲಿ ಲಾಭದ ಮಾತೇ ಇಲ್ಲ. ಬಾಡಿಗೆ ಇಷ್ಟೆಂದು ಮೊದಲೇ ಗೊತ್ತುಮಾಡಿದ ಮೊತ್ತ. ಎಷ್ಟು ಚೀಟಿ ಬಂತು, ಎಷ್ಟು ರೋಗಿಗಳು ಬಂದರು ಎಂಬುದರ ಮೇಲೆ ಅದು ಏರಿಳಿಯುವಂತಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದೆ. ಖರ್ಚು ಹಂಚಿಕೊಳ್ಳಿ, ರೋಗಿಯನ್ನು ಹಂಚಿಕೊಳ್ಳಬೇಡಿ ಎಂದು ಬಾಯಲ್ಲೂ ಹೇಳಿದೆ.

ಕ್ಲಿನಿಕ್ಕಿಗೂ ಫಿಸಿಯೋಥೆರಪಿ ಕೇಂದ್ರಕ್ಕೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಅದನ್ನು ಕೊಡುತ್ತದೆ. ಶುಲ್ಕದ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಫಿಸಿಯೋಥೆರಪಿಯಂಥ ವೃತ್ತಿಗಳಿಗೆ 2021ರಲ್ಲಿ ಕೇಂದ್ರದ ಪ್ರತ್ಯೇಕ ಕಾಯ್ದೆಯೇ ಬಂದಿರುವುದರಿಂದ ಆ ಹುಡುಗನೂ ಇನ್ನು ವೈದ್ಯರ ಬಾಲವಲ್ಲ, ತನ್ನ ಕಾಲ ಮೇಲೆ ತಾನು ನಿಂತವನು. ದೊಡ್ಡ ಬೋರ್ಡಿನ ಮುಂಗಡ ವಾಪಸು ಬರಲಿಲ್ಲ. ಅದರ ತಗಡನ್ನು ಭಾವಮೈದುನ ಹುಳುಮನೆಯ ಬಾಗಿಲಿಗೆ ಬಳಸಿಕೊಂಡ.

ವರ್ಷ ಒಂದೂವರೆಯಾಯಿತು. ವ್ಯಾಪಾರ ಭರದಿಂದ ಸಾಗಿದೆ ಎಂದು ಹೇಳುವಂತಿಲ್ಲ. ಅಣ್ಣನ ಚೀಟಿ ಹಿಡಿದವರಲ್ಲಿ ಹಲವರು ರಸ್ತೆಯಾಚೆಯ ಅಂಗಡಿಗೆ ಹೋಗುತ್ತಾರೆ. ಅಲ್ಲಿಯ ಚೀಟಿಗಳು ಇಲ್ಲಿಗೂ ಬರುತ್ತವೆ. ಭಾವಮೈದುನನಿಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. “ಮನೇಲಿ ಬಾವಿ ಇದ್ರೂ ಜನ ಕೆರೆಗೆ ಹೋಗ್ತಾರಲ್ಲ ಭಾವ” ಎನ್ನುತ್ತಾನೆ. ಆದರೆ ತಿಂಗಳ ಐದನೆಯ ತಾರೀಕು ಮಗಳು ಕೊಡುವ ಬಾಡಿಗೆಯನ್ನು ಎಣಿಸಿ, ರಸೀದಿಗೆ ಸಹಿ ಹಾಕಿ, ಸಾಲದ ಕಂತು ಕಟ್ಟಿ ಬರುತ್ತಾನೆ. ಮಗಳಿಗೆ ಗಂಡು ನೋಡುವಾಗ ಈಗ ಅವನು ಮೊದಲು ಕೇಳುವ ಪ್ರಶ್ನೆ, ಹುಡುಗನಿಗೆ ಹಾರೋಹಳ್ಳಿಯಿಂದ ಓಡಾಡಿಕೊಂಡು ಕೆಲಸ ಮಾಡಲು ಆದೀತೇ ಎಂಬುದು.

ಮಕ್ಕಳು ಆರೋಗ್ಯದ ಯಾವುದೇ ಓದಿಗೆ ಸೇರುವ ಮನೆಗಳಿಗೆ ಪತ್ರ ಬರೆಯುವವನ ಮಾತು ಇಷ್ಟೆ. ಸೀಟು ಸಿಕ್ಕಾಗ ಶುಲ್ಕ, ಹಾಸ್ಟೆಲ್ಲು ವಿಚಾರಿಸುತ್ತೀರಿ. ಜೊತೆಗೆ ಇನ್ನೂ ಮೂರು ವಿಚಾರಿಸಿ. ಈ ಓದಿಗೆ ಯಾವ ಪರಿಷತ್ತಿನಲ್ಲಿ ನೋಂದಣಿ? ಆ ನೋಂದಣಿ ಯಾವ ಕೆಲಸಕ್ಕೆ ಅಧಿಕಾರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ? ನಾಳೆ ಗೆಳೆಯರೊಡನೆ ಸೇರಿ ಏನಾದರೂ ತೆರೆದರೆ ಯಾರ ತಪ್ಪಿಗೆ ಯಾರು ಹೊಣೆ? ಪಾಲುದಾರಿಕೆಗೆ ಸಹಿ ಹಾಕುವ ಮುಂಚೆ ವಕೀಲರಿಗೂ ಲೆಕ್ಕಪರಿಶೋಧಕರಿಗೂ ಒಮ್ಮೆ ತೋರಿಸಿ. ಯಾರಾದರೂ ನಿಮ್ಮ ಮಗಳ ಸರ್ಟಿಫಿಕೇಟನ್ನು ತಿಂಗಳಿಗಿಷ್ಟು ಎಂದು ಬಾಡಿಗೆಗೆ ಕೇಳಿಕೊಂಡು ಬಂದರೆ ಕಾಫಿ ಕೊಟ್ಟು ಕಳಿಸಿಬಿಡಿ. ಅದು ಅವಳು ವರ್ಷಗಟ್ಟಲೆ ಕೂತು ಸಂಪಾದಿಸಿದ ಆಸ್ತಿ. ಪಹಣಿ ಇಲ್ಲದಿದ್ದರೂ ಅದರ ಖಾತೆ ಅವಳ ಹೆಸರಿನಲ್ಲೇ ಇದೆ.